ಒಂದು ವೋಟು, ಒಂದು ನೋಟು

ಪ್ರೀತಿಯ ಗೆಳೆಯಾ,

ಪಂಚಾಯಿತಿ ಚುನಾವಣೆಗೆ ನಿಲ್ಲುವ ಆಸೆ ಇದೆ, ಆದರೆ ಕೈಯಲ್ಲಿ ದುಡ್ಡಿಲ್ಲ, ಹಾಗಾಗಿ ಸುಮ್ನೆ ಬಿಟ್ಟುಬಿಟ್ಟೆ ಅಂತ ಬರೆದಿದ್ದೀಯ. ಓದಿ ಮನಸ್ಸಿಗೆ ಪಿಚ್ಚೆನಿಸಿತು. ಎರಡು ದಿನದಿಂದ ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡರೇ ನೆನಪಾಗುತ್ತಿದ್ದಾರೆ.

ನಮ್ಮ ಅಟ್ಟದ ಮೇಲೆ ಭತ್ತ ಅಳೆಯುವ ಪಾತ್ರೆ, ಒಂದು ಹಳೇ ಕೊಳಗ ಇದೆ. ನೀನು ಬಂದಾಗ ನೋಡಿರಬೇಕು. ಬಾಯಿ ಸವೆದು ಒಂದು ಕಡೆ ಸೀಳು ಬಿಟ್ಟಿದೆ, ಒಳಗೆ ಕೈ ಹಾಕಿದರೆ ಈಗಲೂ ಭತ್ತದ ಧೂಳು ಅಂಟುತ್ತದೆ. ಅಜ್ಜ ಅದನ್ನು ಯಾರಿಗೂ ಮುಟ್ಟಲು ಬಿಡುತ್ತಿರಲಿಲ್ಲ. ಯಾಕೆ ಅಂತ ನನಗೆ ಗೊತ್ತಾಗಿದ್ದು ಕಾಗೋಡು ಸತ್ಯಾಗ್ರಹದ ಬಗ್ಗೆ ಓದಿದ ಮೇಲೆ. ಸಾಗರದ ಕಡೆ ಆಗ ಭತ್ತ ಅಳೆಯುವ ಕೊಳಗ ಎಲ್ಲ ಕಡೆ ಒಂದೇ ಅಳತೆಯದ್ದಾಗಿರಲಿಲ್ಲ. ಜಮೀನಿನ ಒಡೆಯರ ಮನೆಯಲ್ಲಿ ಗೇಣಿ, ಅಂದರೆ ಉಳುವವನು ಕೊಡಬೇಕಾದ ಭತ್ತ, ಅಳೆಯುವ ಕೊಳಗ ದೊಡ್ಡದು. ವರ್ಷವಿಡೀ ದುಡಿದವನ ಭತ್ತ ಆ ಅಳತೆಯಲ್ಲೇ ಕರಗಿ ಹೋಗುತ್ತಿತ್ತು. ಸರಿಯಾದ ಕೊಳಗದಲ್ಲಿ ಅಳೆಯಿರಿ ಅಂತ ಕೇಳಿದ್ದಕ್ಕೆ ಗೇಣಿದಾರರನ್ನು ಗದ್ದೆಯಿಂದಲೇ ಬಿಡಿಸಿದರು. 1951ರಲ್ಲಿ ಅವರು ಅದೇ ಗದ್ದೆಗೆ ಇಳಿದು ಉತ್ತು ಜೈಲಿಗೆ ಹೋದರು. ಗಣಪತಿಯಪ್ಪನವರು ಕಟ್ಟಿದ ರೈತ ಸಂಘದ ಬೆನ್ನಿಗೆ ಸಮಾಜವಾದಿ ಪಕ್ಷ ನಿಂತಿತು. ಆ ಪಕ್ಷದ ನಾಯಕ ರಾಮಮನೋಹರ ಲೋಹಿಯಾ ಸಾಗರಕ್ಕೇ ಬಂದು ಬಂಧನಕ್ಕೊಳಗಾದರು. ಆ ಹೋರಾಟದ ಮುಂಚೂಣಿಯಲ್ಲಿದ್ದವರು ತೀರ್ಥಹಳ್ಳಿ ತಾಲ್ಲೂಕಿನ ಆರಗದ ಹುಡುಗ ಗೋಪಾಲಗೌಡ. ಇನ್ನೂ 30 ತುಂಬಿರಲಿಲ್ಲ.

ಮರುವರ್ಷವೇ, 1952ರಲ್ಲಿ, ಮೊದಲ ವಿಧಾನಸಭಾ ಚುನಾವಣೆ. ಸಾಗರ-ಹೊಸನಗರದಿಂದ ಅವರು ನಿಂತರು. ಎದುರಿಗೆ ಸ್ವಾತಂತ್ರ್ಯ ತಂದ ಪಕ್ಷ ಅನ್ನಿಸಿಕೊಂಡ ಕಾಂಗ್ರೆಸ್. ಇವರ ಹತ್ತಿರ ಇದ್ದದ್ದು ಮಾತು, ನಡೆಯುವ ಕಾಲು. ಜನರನ್ನು ಕೇಳಿದ್ದು ಎರಡೇ: ಒಂದು ವೋಟು, ಒಂದು ನೋಟು. ಒಂದೇ ಒಂದು ರೂಪಾಯಿ, ಅಷ್ಟೇ! ಗೇಣಿ ಕೊಟ್ಟು ಬರಿಗೈ ಆದವನು ಸೊಂಟದ ಗಂಟು ಬಿಚ್ಚಿ ಒಂದು ರೂಪಾಯಿ ಕೊಡುತ್ತಾನೆ ಅಂದರೆ ಅವನಿಗೆ ಎಷ್ಟು ನಂಬಿಕೆ ಇದ್ದಿರಬೇಕು, ಯೋಚನೆ ಮಾಡು. ಗೋಪಾಲಗೌಡರು ಗೆದ್ದರು. ಇವತ್ತು ನೋಟು ಹೋಗುವ ದಿಕ್ಕೇ ಬದಲಾಗಿದೆ, ಅಲ್ವಾ? ನನಗೆ ಜಾಸ್ತಿ ಸಂಕಟ ಆಗುವುದು ಅದಕ್ಕೇ.

1957ರಲ್ಲಿ ಸೋತರು. ಸೋತೆ ಅಂತ ಮನೆಯಲ್ಲಿ ಕೂರಲಿಲ್ಲ. 1962ರಲ್ಲಿ ತೀರ್ಥಹಳ್ಳಿಯಿಂದ ಗೆದ್ದರು, 1967ರಲ್ಲಿ ಮತ್ತೆ ಅಲ್ಲಿಂದಲೇ. ಮಂತ್ರಿ ಆಗಲಿಲ್ಲ, ವಿರೋಧ ಪಕ್ಷದ ಬೆಂಚಿನಲ್ಲೇ ಕೂತರು. ಉಳುವವನಿಗೆ ಭೂಮಿ ಬೇಕು, ಆಡಳಿತ ಕನ್ನಡದಲ್ಲಿ ನಡೆಯಬೇಕು, ಮೈಸೂರು ರಾಜ್ಯಕ್ಕೆ ಕರ್ನಾಟಕ ಅನ್ನುವ ಹೆಸರೇ ಬೇಕು ಅಂತ ಹಟ ಹಿಡಿದರು. ಅವರ ಗರಡಿಯಲ್ಲಿ ಬೆಳೆದ ಬಂಗಾರಪ್ಪ, ಜೆ.ಎಚ್. ಪಟೇಲರು ಮುಂದೆ ಮುಖ್ಯಮಂತ್ರಿಗಳಾದರು.

ಕಾಯಿಲೆ ಅವರನ್ನು ಬಿಡಲಿಲ್ಲ. 1972ರ ಜೂನ್ 9ರಂದು ತೀರಿಕೊಂಡರು. 50 ಕೂಡ ಆಗಿರಲಿಲ್ಲ. ರಾಜ್ಯಕ್ಕೆ ಕರ್ನಾಟಕ ಅಂತ ಹೆಸರು ಬಂದದ್ದು 1973ರ ನವೆಂಬರ್ 1ಕ್ಕೆ. ಮರುವರ್ಷ ದೇವರಾಜ ಅರಸರ ಕಾಲದ ಭೂಸುಧಾರಣೆ ಜಾರಿಗೆ ಬಂತು. ಆಗ ನಮ್ಮಜ್ಜ ಗೇಣಿಗೆ ಉಳುತ್ತಿದ್ದ ಗದ್ದೆ ತನ್ನ ಹೆಸರಿಗೆ ಬೇಕು ಅಂತ 7ನೇ ನಮೂನೆಯ ಅರ್ಜಿ ಹಾಕಿದರು. ಪಹಣಿಯಲ್ಲಿ ತನ್ನ ಹೆಸರು ಬಂದ ದಿನ ಅಜ್ಜ ಗದ್ದೆಯ ಬದುವಿನ ಮೇಲೆ ಸಂಜೆವರೆಗೂ ಕೂತಿದ್ದರಂತೆ, ಊಟಕ್ಕೆ ಕರೆದರೂ ಬರಲಿಲ್ಲವಂತೆ. ಇದನ್ನು ನೋಡಲು ಗೋಪಾಲಗೌಡರು ಇರಬೇಕಿತ್ತು ಅಂತ ನನಗೆ ಎಷ್ಟೋ ಸಲ ಅನ್ನಿಸಿದೆ.

ನಾಮಪತ್ರ ಹಾಕುವ ಕೊನೇ ದಿನ ಯಾವಾಗ ಅಂತ ತಿಳಿಸು. ಠೇವಣಿಗೆ ಮೊದಲ ನೋಟು ನನ್ನದು. ಉಳಿದದ್ದನ್ನು ನಿನ್ನ ವಾರ್ಡಿನ ಮನೆ ಮನೆಗೂ ಹೋಗಿ ಕೇಳೋಣ. ಭಾನುವಾರ ಬೆಳಿಗ್ಗೆ ಮೊದಲ ಬಸ್ಸಿಗೇ ಬರುತ್ತೇನೆ.

ನಿನ್ನವನೇ,
ಗೆಳೆಯ