ಓಡುವ ಕಾರಿನಲ್ಲಿ ಆ ಬಟನ್ ಮುಟ್ಟಬೇಡ

ಪ್ರೀತಿಯ ಪುಟ್ಟನಿಗೆ ದೊಡ್ಡಪ್ಪನ ಆಶೀರ್ವಾದಗಳು.

ನೀನು ಕಳಿಸಿದ ವಿಡಿಯೊ ನೋಡಿದೆ. ಬಟನ್ ಒತ್ತಿದರೆ ರೂಫ್ ಮಡಚಿಕೊಳ್ಳುವ ಆ ಕಾರು ತುಂಬಾ ಚೆನ್ನಾಗಿದೆ. ಬಣ್ಣವೂ ಇಷ್ಟವಾಯಿತು. ಇಷ್ಟು ವರ್ಷ ಆಸೆಪಟ್ಟು ತಗೊಂಡಿದ್ದೀಯ, ನನಗೂ ಸಂತೋಷವೇ. ಆದರೆ ಆ ವಿಡಿಯೊವನ್ನು ನಾನು ನಾಲ್ಕು ಸಲ ನೋಡಿದೆ. ನಾಲ್ಕೂ ಸಲ ನೋಡಿದ್ದು ಕಾರನ್ನಲ್ಲ, ನಿನ್ನ ಕಣ್ಣನ್ನು. ಒಂದು ಕೈ ಸ್ಟೇರಿಂಗ್ ಮೇಲಿತ್ತು, ಇನ್ನೊಂದು ಕೈ ಬಟನ್ ಮೇಲೆ. ರೂಫ್ ಮಡಚಿಕೊಂಡು ಹಿಂದೆ ಹೋಗುವಷ್ಟರಲ್ಲಿ ನೀನು ಎರಡು ಸಲ ತಲೆ ಎತ್ತಿ ನೋಡಿದೆ, ಮೂರು ಸಲ ಕನ್ನಡಿ ನೋಡಿದೆ, ಒಂದು ಸಲ ಹಿಂದಕ್ಕೇ ತಿರುಗಿದೆ. ಕಾರು ಮಾತ್ರ ಓಡುತ್ತಲೇ ಇತ್ತು.

ಓಡುವಾಗ ರೂಫ್ ತೆಗೆಯಬೇಡ ಅಂತ ಫೋನಿನಲ್ಲಿ ಹೇಳಿದಾಗ ನೀನು, "ದೊಡ್ಡಪ್ಪಾ, 50 ಕಿಲೋಮೀಟರ್ ವೇಗದ ತನಕ ಮಾಡಬಹುದು ಅಂತ ಕಾರಿನ ಪುಸ್ತಕದಲ್ಲೇ ಬರೆದಿದೆ" ಅಂದೆ. ನಿಜ, ಬರೆದಿದೆ. ಅದಕ್ಕೇ ಫೋನಿನಲ್ಲಿ ವಾದ ಮಾಡದೆ ಪತ್ರ ಬರೆಯುತ್ತಿದ್ದೇನೆ. ನಿಧಾನವಾಗಿ ಓದು.

ಪುಸ್ತಕದಲ್ಲಿರುವ ಆ ಅಂಕಿ ಯಾರ ವಿಷಯಕ್ಕೆ ಅಂತ ಯೋಚಿಸಿದ್ದೀಯಾ? ಅದು ರೂಫಿನ ತಾಕತ್ತು. ಮೋಟಾರು, ಪಂಪು, ಕಂಬಿ, ಬಟ್ಟೆ ಎಷ್ಟು ತಡೆದುಕೊಳ್ಳುತ್ತವೆ ಅನ್ನೋ ಲೆಕ್ಕ. ನಿನ್ನ ಗಮನ ಎಷ್ಟಿರುತ್ತದೆ, ಮುಂದಿನ ಗಾಡಿ ಯಾವಾಗ ಬ್ರೇಕ್ ಹಾಕುತ್ತದೆ, ಇದೆಲ್ಲ ಆ ಅಂಕಿಗೆ ಗೊತ್ತಿಲ್ಲ. ಬೇರೆ ಬೇರೆ ಕಾರಿಗೆ ಬೇರೆ ಬೇರೆ ಅಂಕಿ ಇರುವುದೂ ಅದಕ್ಕೇ. ಮಾಜ್ದಾ ಎಂಎಕ್ಸ್-5 ಆರ್‌ಎಫ್‌ನಲ್ಲಿ 10 ಕಿಲೋಮೀಟರ್ ವೇಗದ ತನಕ ಮಾತ್ರ, ಅಂದರೆ ಹೆಚ್ಚುಕಮ್ಮಿ ನಿಂತ ಹಾಗೇ. ಮಿನಿ ಕನ್ವರ್ಟಿಬಲ್‌ನಲ್ಲಿ 30. ಬಿಎಂಡಬ್ಲ್ಯು ಝಡ್4ನಲ್ಲಿ 50. ಇದರಲ್ಲಿ ಒಂದನ್ನು ಓಡಿಸಿ ಅಭ್ಯಾಸ ಆದವನು ಇನ್ನೊಂದರಲ್ಲಿ ಕೂತು ಅದೇ ಧೈರ್ಯ ತೋರಿಸಿದರೆ ಏನಾಗಬಹುದು ಅಂತ ನೀನೇ ಊಹಿಸು.

ಈಗ ಸಮಯದ ಲೆಕ್ಕ ನೋಡು. ಮಿನಿಯ ರೂಫಿಗೆ 18 ಸೆಕೆಂಡ್ ಬೇಕು. 30ರ ವೇಗದಲ್ಲಿ 18 ಸೆಕೆಂಡ್ ಅಂದರೆ ಕಾರು 150 ಮೀಟರ್ ದಾಟಿರುತ್ತದೆ. ಝಡ್4 ಬೇಗ, 10 ಸೆಕೆಂಡಿನಲ್ಲಿ ಮುಗಿಸುತ್ತದೆ. ಆದರೆ 50ರಲ್ಲಿ ಆ 10 ಸೆಕೆಂಡಿಗೆ ಸುಮಾರು 140 ಮೀಟರ್. ಅಷ್ಟು ದೂರದಲ್ಲಿ ಒಂದು ಮಗು ರಸ್ತೆಗೆ ಓಡಿ ಬರಬಹುದು, ಒಬ್ಬರು ಕಾರಿನ ಬಾಗಿಲು ತೆಗೆಯಬಹುದು. ಅಷ್ಟು ದೂರವೂ ನಿನ್ನ ಒಂದು ಕೈ, ಅರ್ಧ ಮನಸ್ಸು ಆ ಬಟನ್ ಹತ್ತಿರವೇ ಇರುತ್ತದೆ. ಎಷ್ಟೋ ಕಾರುಗಳಲ್ಲಿ ಬೆರಳು ತೆಗೆದ ತಕ್ಷಣ ರೂಫ್ ಅಲ್ಲೇ ನಿಲ್ಲುತ್ತದೆ. ಹಾಗಾಗಿ ಗಾಬರಿಯಾದರೂ ಕೈ ತೆಗೆಯಲು ಮನಸ್ಸು ಬರುವುದಿಲ್ಲ. ಇದು ನನ್ನ ಅನುಭವದ ಮಾತು.

ನಿನಗೆ ಗೊತ್ತಲ್ಲ, ನಾನು ಮೂವತ್ತು ವರ್ಷ ಗ್ಯಾರೇಜಿನಲ್ಲಿ ಬಾಡಿ ಕೆಲಸ ಮಾಡಿದವನು. ಒಂದು ಸಲ ಬಟ್ಟೆ ರೂಫಿನ ಕಾರು ಬಂತು. ಓಡಿಸುತ್ತಿದ್ದ ಹುಡುಗ ನಿನ್ನ ವಯಸ್ಸಿನವನೇ. ನಿಧಾನದ ರಸ್ತೆಯಲ್ಲಿ ಬಟನ್ ಒತ್ತಿದ್ದಾನೆ. ಅಷ್ಟರಲ್ಲಿ ದೊಡ್ಡ ರಸ್ತೆಗೆ ಸೇರುವ ತಿರುವು ಬಂದಿದೆ. ಹಿಂದಿನಿಂದ ಲಾರಿ ಬರುತ್ತಿತ್ತು, ವೇಗ ಹೆಚ್ಚಿಸದೆ ವಿಧಿ ಇರಲಿಲ್ಲ. ಮಿತಿ ದಾಟಿದ ಕೂಡಲೇ ರೂಫ್ ನಡುವೆಯೇ ನಿಂತಿದೆ, ಗಾಳಿ ಅದನ್ನು ಹಿಡಿದು ಹಿಂದಕ್ಕೆ ಎಸೆದಿದೆ. ಗಾಳಿಗೆ ಕೊಡೆ ಮಗುಚಿಕೊಳ್ಳುತ್ತದಲ್ಲ, ಹಾಗೇ.

ನಾನು ಆ ರೂಫಿನ ಪಕ್ಕದ ಕಂಬಿಯನ್ನು ಬಿಚ್ಚಿ ಮೇಜಿನ ಮೇಲೆ ಉರುಳಿಸಿ ನೋಡಿದೆ. ಬರಿಗಣ್ಣಿಗೆ ನೆಟ್ಟಗೇ ಕಾಣುತ್ತಿತ್ತು. ಉರುಳಿಸಿದಾಗ ಒಂದು ತುದಿ ಬೆರಳಗಲ ಮೇಲೆದ್ದು ಮೇಲೆದ್ದು ಬೀಳುತ್ತಿತ್ತು. ಅಷ್ಟೇ ಸೊಟ್ಟ. ಆದರೆ ಅಷ್ಟಕ್ಕೇ ಮುಂಗಾಜಿನ ಮೇಲಿನ ಕೊಂಡಿಗೆ ರೂಫ್ ಕೂರುತ್ತಿರಲಿಲ್ಲ, ಒಂದು ಕಡೆ ಕಿರುಬೆರಳು ತೂರುವಷ್ಟು ಸಂದಿ. ಹಿಂದಿನ ಮೂಲೆಯಲ್ಲಿ ಬಟ್ಟೆ ಹೊಲಿಗೆಯ ಪಕ್ಕದಲ್ಲೇ ಹರಿದಿತ್ತು. ಪಂಪಿನಿಂದ ಬರುವ ಪೈಪು ಕಿತ್ತು ಎಣ್ಣೆಯೆಲ್ಲ ಹಿಂದಿನ ಸೀಟಿಗೆ ಸುರಿದಿತ್ತು. ಹುಡುಗನಿಗೆ ಏನೂ ಆಗಲಿಲ್ಲ, ಪುಣ್ಯ. ಅವನು ಗ್ಯಾರೇಜಿನ ಮೂಲೆಯಲ್ಲಿ ಕುರ್ಚಿ ಮೇಲೆ ಕೂತು ತನ್ನ ಕೈಯನ್ನೇ ನೋಡಿಕೊಳ್ಳುತ್ತಿದ್ದ. "ಹಿಂದೆ ಏನೂ ಕಾಣಿಸಲಿಲ್ಲ ಸಾರ್, ಬರೀ ಸದ್ದು" ಅಂತ ಎರಡು ಸಲ ಹೇಳಿದ. ಆ ಮುಖ ನನಗೆ ಈಗಲೂ ನೆನಪಿದೆ.

ಅವನಿಗೆ ಆಗಿದ್ದನ್ನು ಸರಿಯಾಗಿ ಗಮನಿಸು ಪುಟ್ಟ. ರೂಫ್ ಹೊರಟ ಮೇಲೆ ವೇಗ ಹೆಚ್ಚಿಸುವ ಸ್ವಾತಂತ್ರ್ಯ ನಿನ್ನ ಕೈಯಲ್ಲಿ ಇರುವುದಿಲ್ಲ. ಓಡಿಸುವವನಿಗೆ ಆಪತ್ತಿನಲ್ಲಿ ಮೂರು ದಾರಿ ಇರುತ್ತವೆ, ಅಲ್ವಾ? ಬ್ರೇಕ್ ಹಾಕುವುದು, ಪಕ್ಕಕ್ಕೆ ತಿರುಗಿಸುವುದು, ಮುಂದಕ್ಕೆ ನುಗ್ಗಿ ತಪ್ಪಿಸಿಕೊಳ್ಳುವುದು. ರೂಫ್ ಅರ್ಧದಲ್ಲಿದ್ದಾಗ ಮೂರನೆಯದು ಹೋಯಿತು. ಎರಡನೆಯದಕ್ಕೆ ಒಂದೇ ಕೈ. ಮೊದಲನೆಯದು ಉಳಿಯಿತು, ಆದರೆ ಹಿಂದೆ ಯಾರಿದ್ದಾರೆ ಅಂತ ಕಾಣಿಸುವುದಿಲ್ಲ. ಯಾಕೆಂದರೆ ರೂಫ್ ಮಡಚಿ ಕೂರುವ ಜಾಗದ ಮುಚ್ಚಳ ಆಗ ಎದ್ದು ನಿಂತಿರುತ್ತದೆ. ಒಳಗಿನ ಕನ್ನಡಿ ತುಂಬಾ ಬರೀ ಆ ಮುಚ್ಚಳವೇ.

ಗಾಳಿಯ ವಿಷಯ ಇನ್ನಷ್ಟು ಹೇಳಬೇಕು, ಜನ ಇದನ್ನು ತುಂಬಾ ಹಗುರವಾಗಿ ತಗೊಳ್ಳುತ್ತಾರೆ. ವೇಗ ಎರಡರಷ್ಟಾದರೆ ಗಾಳಿಯ ಒತ್ತಡ ನಾಲ್ಕರಷ್ಟಾಗುತ್ತದೆ. 50ರ ವೇಗದಲ್ಲಿ ಒಂದು ಚದರ ಮೀಟರ್ ಅಗಲದ ಮೇಲೆ ಬೀಳುವ ಒತ್ತಡ ಸುಮಾರು 12 ಕೆಜಿ ತೂಕಕ್ಕೆ ಸಮ. 80ಕ್ಕೆ ಹೋದರೆ 30 ಕೆಜಿ. 100ಕ್ಕೆ 47. ಮುಚ್ಚಿದ ರೂಫಿನ ಮೇಲೆ ಗಾಳಿ ಜಾರಿಕೊಂಡು ಹೋಗುತ್ತದೆ. ಅರ್ಧ ಎದ್ದ ರೂಫ್ ಹಡಗಿನ ಹಾಯಿ ಹಾಗೆ ಗಾಳಿಗೆ ಎದೆಯೊಡ್ಡಿ ನಿಲ್ಲುತ್ತದೆ.

ಇಲ್ಲೊಂದು ಮಾತು ನಿನ್ನ ಮನಸ್ಸಿನಲ್ಲಿ ಇರಲಿ. ನಿನ್ನ ಕಾರು ಅಳೆಯುವುದು ಚಕ್ರದ ವೇಗವನ್ನು. ಗಾಳಿಯ ವೇಗ ಅದಕ್ಕೆ ಗೊತ್ತಿಲ್ಲ. ಮೀಟರಿನಲ್ಲಿ 50 ತೋರಿಸುತ್ತಿದೆ, ಎದುರಿನಿಂದ 30ರ ಗಾಳಿ ಬೀಸುತ್ತಿದೆ ಅಂದುಕೋ. ರೂಫಿನ ಪಾಲಿಗೆ ಅದು 80. ಅಂದರೆ 12 ಕೆಜಿಯ ಜಾಗದಲ್ಲಿ 30 ಕೆಜಿ. ಕಾರು ನಿನ್ನನ್ನು ತಡೆಯುವುದಿಲ್ಲ, ಎಚ್ಚರಿಕೆಯನ್ನೂ ಕೊಡುವುದಿಲ್ಲ, ಅದರ ಲೆಕ್ಕದಲ್ಲಿ ಎಲ್ಲವೂ ಸರಿಯಾಗೇ ಇದೆ. ಪಕ್ಕದಲ್ಲಿ ಲಾರಿ ಹಾದುಹೋದಾಗ ಕಾರು ಅಲುಗಾಡುತ್ತದಲ್ಲ, ಆ ಹೊಡೆತವೂ ಹಾಗೇ. ಸೇತುವೆ ಮೇಲೆ ಪಕ್ಕಗಾಳಿ ಬಂದರೂ ಹಾಗೇ.

ಇನ್ನು ರಸ್ತೆಯ ಗುಂಡಿ. ಮೇಲೆ ರೂಫ್ ಕೊಂಡಿ ಹಾಕಿ ಕೂತಿಲ್ಲದಿದ್ದಾಗ ಕಾರಿನ ಮೈ ಸ್ವಲ್ಪ ಜಾಸ್ತಿಯೇ ತಿರುಚುತ್ತದೆ. ಕೊಂಡಿ ಕೂರುವ ಹೊತ್ತಿಗೆ ಸರಿಯಾಗಿ ಒಂದು ಚಕ್ರ ಗುಂಡಿಗೆ ಇಳಿದರೆ ಕೊಂಡಿ ತನ್ನ ತೂತಿಗೆ ಕೂರದೆ ಅಂಚಿಗೆ ಬಡಿಯುತ್ತದೆ. ಒಂದು ಸಲಕ್ಕೆ ಏನೂ ಆಗದಿರಬಹುದು. ಹತ್ತು ಸಲ ಆದರೆ ಸವೆಯುತ್ತದೆ.

ಈ ಯಂತ್ರ ನೀನು ಅಂದುಕೊಂಡಷ್ಟು ಸರಳವಲ್ಲ. ಫೋರ್ಡ್ ಕಂಪನಿ 1957ರಲ್ಲಿ ಸ್ಕೈಲೈನರ್ ಅಂತ ಒಂದು ಕಾರು ತಂದಿತ್ತು, ಲೋಹದ ರೂಫ್ ಪೂರ್ತಿ ಡಿಕ್ಕಿಯೊಳಗೆ ಇಳಿಯುವಂಥದ್ದು. ಆ ಒಂದು ಕೆಲಸಕ್ಕೆ ಅದರಲ್ಲಿ ಸುಮಾರು 600 ಅಡಿ ತಂತಿ ಇತ್ತು. ಈಗಿನ ಕಾರುಗಳಲ್ಲಿ ಆ ಕೆಲಸವನ್ನು ಕಂಪ್ಯೂಟರ್ ನೋಡಿಕೊಳ್ಳುತ್ತದೆ. ಕೆಲಸ ಮಾತ್ರ ಅದೇ. ಮೊದಲು ಕಿಟಕಿ ಗಾಜು ಇಳಿಯಬೇಕು. ಆಮೇಲೆ ಕೊಂಡಿ ಬಿಡಬೇಕು. ಹಿಂದಿನ ಮುಚ್ಚಳ ಏಳಬೇಕು. ರೂಫ್ ಮಡಚಿ ಒಳಗೆ ಹೋಗಬೇಕು. ಮುಚ್ಚಳ ಮತ್ತೆ ಕೂರಬೇಕು. ಒಂದೊಂದು ಹಂತ ಮುಗಿದಿದೆ ಅಂತ ಸೆನ್ಸರ್ ಹೇಳಿದರೆ ಮಾತ್ರ ಮುಂದಿನದು. ಒಂದು ಸೆನ್ಸರ್ ಸುಮ್ನೆ ಕೂತರೂ ಎಲ್ಲ ಅಲ್ಲೇ ನಿಲ್ಲುತ್ತದೆ. ಮನೆ ಮುಂದೆ ನಿಂತರೆ ಅದು ಬರೀ ತಲೆನೋವು. ನಡುರಸ್ತೆಯಲ್ಲಿ, ಹಿಂದೆ ಗಾಡಿಗಳ ಸಾಲು ಇರುವಾಗ ನಿಂತರೆ? ಹಾಗೆ ನಿಂತ ರೂಫನ್ನು ಎಣ್ಣೆಯ ಒತ್ತಡ ಸ್ವಲ್ಪ ಹೊತ್ತು ಹಿಡಿದಿರುತ್ತದೆ. ಆಮೇಲೆ ಒತ್ತಡ ಇಳಿದು ರೂಫ್ ತಾನಾಗಿಯೇ ಕೆಳಗೆ ಬರಬಹುದು. ಕೆಳಗೆ ಯಾರ ಕೈ ಇದೆ, ಯಾರ ತಲೆ ಇದೆ ಅಂತ ಅದು ನೋಡುವುದಿಲ್ಲ. ಹಿಂದಿನ ಸೀಟಿನಲ್ಲಿ ಮಕ್ಕಳನ್ನು ಕೂರಿಸಿಕೊಂಡು ಹೋಗುತ್ತೀಯಲ್ಲ, ಅದನ್ನು ನೆನೆದೇ ನನಗೆ ನಿದ್ದೆ ಬರಲಿಲ್ಲ. ರೂಫ್ ಚಲಿಸುವುದನ್ನು ಕಂಡರೆ ಯಾವ ಮಗುವೂ ಕೈ ಚಾಚುತ್ತದೆ. ಓಡಿಸುವಾಗ ಅವರ ಬೆರಳನ್ನು ನೋಡಿಕೊಳ್ಳುವುದು ನಿನ್ನಿಂದ ಆಗುವುದಿಲ್ಲ.

"ಸಿಗ್ನಲ್‌ನಲ್ಲಿ ನಿಂತಾಗ ಮಾಡಬಹುದಲ್ಲ" ಅನ್ನುತ್ತೀಯ. ನಾನೂ ಒಂದು ಸಲ ಹಾಗೇ ಮಾಡಿದ್ದೆ. ಕೆಂಪು ದೀಪ ಕಂಡಿತು, ಸಾಕಷ್ಟು ಸಮಯ ಇದೆ ಅಂದುಕೊಂಡೆ. ಮುಚ್ಚಳ ಎದ್ದು ನಿಂತ ಹೊತ್ತಿಗೆ ಸರಿಯಾಗಿ ಹಸಿರು ಬಿತ್ತು. ಹಿಂದಿನಿಂದ ಹಾರ್ನ್ ಶುರುವಾಯಿತು. ಹಾರ್ನ್ ಕೇಳಿದರೆ ಕಾಲು ತಾನಾಗಿ ಆಕ್ಸಿಲರೇಟರ್ ಒತ್ತುತ್ತದೆ, ನನ್ನದೂ ಒತ್ತಿತು. ಪಕ್ಕದಿಂದ ಒಂದು ಬೈಕ್ ನುಗ್ಗಿ ಬಂದದ್ದು ನನಗೆ ಕಾಣಿಸಲೇ ಇಲ್ಲ. ಅವನೇ ಬ್ರೇಕ್ ಹಾಕಿದ, ಚಕ್ರ ಉಜ್ಜಿದ ಸದ್ದು ಕೇಳಿಸಿತು. ಅವನು ಏನೂ ಅನ್ನದೆ ನನ್ನನ್ನೊಮ್ಮೆ ನೋಡಿ ಹೊರಟುಹೋದ. ಅವತ್ತಿನಿಂದ ನಾನು ಸಿಗ್ನಲ್‌ನಲ್ಲಿ ಆ ಬಟನ್ ಮುಟ್ಟಿಲ್ಲ. ಸಿಗ್ನಲ್ ನಿಲ್ಲುವ ಜಾಗ ಅಲ್ಲ ಪುಟ್ಟ, ಹೊರಡಲು ಕಾಯುವ ಜಾಗ.

ಎಲ್ಲಕ್ಕಿಂತ ದೊಡ್ಡ ಆಸೆ ಹುಟ್ಟುವುದು ಮಳೆಯ ಮೊದಲ ಹನಿ ಬಿದ್ದಾಗ. ಸೀಟು ನೆನೆಯುತ್ತದೆ, ಪಕ್ಕದವರು "ಬೇಗ ಬೇಗ" ಅನ್ನುತ್ತಾರೆ. ಆಗ ರಸ್ತೆಯೂ ಜಾರುತ್ತಿರುತ್ತದೆ, ಎಲ್ಲರೂ ಅವಸರದಲ್ಲಿರುತ್ತಾರೆ. ಸೀಟು ನೆನೆಯಲಿ ಬಿಡು. ಸೀಟು ಒಣಗುತ್ತದೆ. ನಿಲ್ಲಿಸಲು ಒಳ್ಳೆಯ ಜಾಗ ಸಿಗುವ ತನಕ ನೆನೆದುಕೊಂಡೇ ಹೋಗು. (ಒದ್ದೆಯಾದ ಬಟ್ಟೆ ರೂಫನ್ನು ಮಡಚಿ ಹಾಗೇ ದಿನಗಟ್ಟಲೆ ಇಡಬೇಡ, ಬೂಸಲು ಹಿಡಿಯುತ್ತದೆ. ಇದು ಬೇರೆ ವಿಷಯ, ನೆನಪಾಯಿತು ಅಂತ ಬರೆದೆ.)

ಹಾಗಾದರೆ ತಯಾರಿಸುವವರು ಆ ಸೌಲಭ್ಯ ಯಾಕೆ ಕೊಟ್ಟರು ಅಂತ ಕೇಳುತ್ತೀಯ. ನಿಂತು ಶುರು ಮಾಡಿದ್ದೀಯ, ಯಾರೋ ದಾರಿ ಬಿಡು ಅಂದರು, ನಾಲ್ಕು ಮಾರು ಮುಂದೆ ಹೋಗಬೇಕಾಯಿತು. ಅಂಥ ಹೊತ್ತಿಗೆ ಅದು ಉಪಯೋಗ. ನನ್ನ ಅಭಿಪ್ರಾಯದಲ್ಲಿ ಅಷ್ಟಕ್ಕೇ ಇಟ್ಟುಕೋ.

ನಾನು ಮಾಡುವ ಕ್ರಮ ಹೇಳುತ್ತೇನೆ. ರಸ್ತೆ ಬಿಟ್ಟು ಸಮತಟ್ಟಾದ ಜಾಗದಲ್ಲಿ ಕಾರು ನಿಲ್ಲಿಸುತ್ತೇನೆ, ಹ್ಯಾಂಡ್‌ಬ್ರೇಕ್ ಹಾಕುತ್ತೇನೆ. ಇಂಜಿನ್ ಓಡುತ್ತಿರಲಿ, ಬ್ಯಾಟರಿ ಇಳಿಯುವುದಿಲ್ಲ. ಮೇಲೆ ಒಂದು ಸಲ ನೋಡುತ್ತೇನೆ, ಕೊಂಬೆ ಇದೆಯಾ, ತಗ್ಗಾದ ಸೂರು ಇದೆಯಾ ಅಂತ. ರೂಫ್ ಮಡಚುವಾಗ ಕಾರಿಗಿಂತ ಎಷ್ಟೋ ಎತ್ತರಕ್ಕೆ ಏಳುತ್ತದೆ. ಡಿಕ್ಕಿಯಲ್ಲಿ ಸಾಮಾನು ರೂಫಿನ ಜಾಗಕ್ಕೆ ಬಂದಿಲ್ಲ ಅಂತ ನೋಡುತ್ತೇನೆ. ಎಲ್ಲರಿಗೂ ಕೈ ಮಡಿಲಲ್ಲಿ ಇಟ್ಟುಕೊಳ್ಳಿ ಅನ್ನುತ್ತೇನೆ. ಆಮೇಲೆ ಬಟನ್. ಮುಗಿಯಿತು ಅನ್ನುವ ಸದ್ದೋ ದೀಪವೋ ಬರುವ ತನಕ ಬೆರಳು ತೆಗೆಯುವುದಿಲ್ಲ. ರೂಫ್ ಕೂತ ಹಾಗೆ ಕಂಡರೂ ಕೊಂಡಿ ಬಿದ್ದಿರುವುದಿಲ್ಲ, ಎಷ್ಟೋ ಜನ ಇಲ್ಲೇ ಎಡವುತ್ತಾರೆ. ಇಷ್ಟಕ್ಕೆಲ್ಲ ಒಂದು ನಿಮಿಷ ಸಾಕು.

ಇನ್ನೊಂದು ಕೆಲಸ ಇದೆ. ರೂಫ್ ನಡುವೆ ಕೆಟ್ಟು ನಿಂತರೆ ಕೈಯಿಂದ ಮುಚ್ಚಲು ಎಷ್ಟೋ ಕಾರುಗಳಲ್ಲಿ ಒಂದು ಪುಟ್ಟ ಕೀಲಿ ಇರುತ್ತದೆ, ಸಾಮಾನ್ಯವಾಗಿ ಡಿಕ್ಕಿಯಲ್ಲೋ ಟೂಲ್ ಚೀಲದಲ್ಲೋ. ನಿನ್ನ ಕಾರಿನಲ್ಲಿ ಇದೆಯಾ, ಎಲ್ಲಿದೆ, ಪುಸ್ತಕ ತೆಗೆದು ನೋಡು. ಮುಂದಿನ ಸಲ ಇಲ್ಲಿಗೆ ಬರುವಾಗ ಕಾರು ತಗೊಂಡೇ ಬಾ. ಅಂಗಳದಲ್ಲಿ ನಿಲ್ಲಿಸಿ, ನೀನೂ ನಾನೂ ಒಂದು ಸಲ ಕೈಯಿಂದಲೇ ಅದನ್ನು ಮುಚ್ಚಿ ನೋಡೋಣ. ಮಕ್ಕಳನ್ನೂ ಕರೆದುಕೊಂಡು ಬಾ, ದೂರ ನಿಂತು ನೋಡಲಿ.

ನಿನ್ನ ಪ್ರೀತಿಯ,
ದೊಡ್ಡಪ್ಪ