ಹೊಸಬರಿಗೆ ಮೊದಲ ದಿನದಿಂದಲೇ ಹಾಸ್ಟೆಲ್ ಬೇಕು

ಸಂಪಾದಕರಿಗೆ ನಮಸ್ಕಾರ,

ಹಳ್ಳಿಯಿಂದ ಬಂದವರು ಕಾಲೇಜಿಗೆ ಹೊಂದ್ಕೊಳ್ಳಲ್ಲ, ಮನೆ ಜ್ಞಾಪಕ ಜಾಸ್ತಿ ಅಂತ ಪ್ರತಿ ವರ್ಷ ಫಸ್ಟ್ ಸೆಮ್ ಮಕ್ಕಳ ಬಗ್ಗೆ ಒಂದೇ ಮಾತು ಕೇಳಿಬರುತ್ತೆ. ಮನೆ ಜ್ಞಾಪಕ ಎಲ್ರಿಗೂ ಬರುತ್ತೆ, ಆದ್ರೆ ನಾನು ನೋಡಿರೋ ಹಾಗೆ ಅರ್ಧಕ್ಕೆ ಬಿಟ್ಟು ಹೋದೋರು ಅದಕ್ಕೆ ಹೋಗಲಿಲ್ಲ, ಇರೋಕೆ ಜಾಗ ಇಲ್ದೆ ಹೋದ್ರು.

ನಾನು ಕೊಳ್ಳೇಗಾಲದ ಕಡೆಯವಳು, ಮೈಸೂರಲ್ಲಿ ಬಿ.ಕಾಂ ಕೊನೆ ವರ್ಷ. ಇಲ್ಲಿ ಕ್ಲಾಸ್ ಶುರುವಾಗಿ ಎಷ್ಟೋ ವಾರ ಆದ್ಮೇಲೆ ಸರ್ಕಾರಿ ಹಾಸ್ಟೆಲ್ ಲಿಸ್ಟ್ ಬರುತ್ತೆ. ಅಡ್ಮಿಷನ್ ಆಗಿರ್ಬೇಕು, ಜಾತಿ ಆದಾಯ ಸರ್ಟಿಫಿಕೇಟ್ ಬೇಕು, ಆಮೇಲೆ ಆನ್‌ಲೈನ್ ಅರ್ಜಿ, ಆಮೇಲೆ ಕಾಯೋದು. ಅಲ್ಲೀತನಕ ಹಳ್ಳಿಯಿಂದ ಹೊಸದಾಗಿ ಬಂದ ಹುಡುಗಿ ಎಲ್ಲಿರ್ಬೇಕು? ಕೊಳ್ಳೇಗಾಲದಿಂದ ಮೈಸೂರಿಗೆ ಸುಮಾರು 60 ಕಿ.ಮೀ., ಹನೂರು ಕಡೆಯವರಿಗೆ ಇನ್ನೂ ದೂರ, ಕತ್ತಲಲ್ಲೇ ಎದ್ದು ಬಸ್ ಹಿಡಿದು ಟಿ. ನರಸೀಪುರ ದಾಟಿ ಬರೋ ಹೊತ್ತಿಗೆ ಫಸ್ಟ್ ಪೀರಿಯಡ್ ಮುಗಿದಿರುತ್ತೆ, ಸಂಜೆ ಮತ್ತೆ ಅದೇ ಓಟ. 2023ರ ಜೂನಿಂದ ಶಕ್ತಿ ಯೋಜನೆ ಬಂದು ಹೆಣ್ಮಕ್ಕಳಿಗೆ ಟಿಕೆಟ್ ಚಿಂತೆ ಹೋಯ್ತು, ಅದು ನಿಜಕ್ಕೂ ದೊಡ್ಡ ಉಪಕಾರ, ಆದ್ರೆ ಬಸ್ಸಲ್ಲಿ ಕಳೆಯೋ ಟೈಮ್ ಯಾರು ವಾಪಸ್ ಕೊಡ್ತಾರೆ? ಆ ಕಡೆ 75 ಪರ್ಸೆಂಟ್ ಅಟೆಂಡೆನ್ಸ್ ಇಲ್ಲ ಅಂದ್ರೆ ಪರೀಕ್ಷೆಗೆ ಕೂರಿಸಲ್ಲ ಅಂತಾರೆ.

ಪಿಜಿ (ಪೇಯಿಂಗ್ ಗೆಸ್ಟ್) ಸೇರೋಣ ಅಂದ್ರೆ ಅಡ್ವಾನ್ಸೇ ಕಟ್ಟೋಕಾಗಲ್ಲ. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದವರಿಗೆ ವಿದ್ಯಾಸಿರಿ ಅಂತ ಸರ್ಕಾರದ ಯೋಜನೆ ಇದೆ, ಊಟ ವಸತಿಗೆ ತಿಂಗಳಿಗಿಷ್ಟು ಅಂತ ಹತ್ತು ತಿಂಗಳ ದುಡ್ಡು ಕೊಡ್ತಾರೆ. ಮೈಸೂರಲ್ಲಿ ಅಷ್ಟಕ್ಕೆ ಊಟಾನೂ ಆಗಲ್ಲ, ಅದೂ ಮೊದಲ ತಿಂಗಳೇ ಕೈಗೆ ಬರೋ ದುಡ್ಡಲ್ಲ.

ಪಿಯುಸಿ ಕನ್ನಡದಲ್ಲಿ ಓದಿ ಬಂದವರಿಗೆ ಇಲ್ಲಿ ಪಾಠ ಇಂಗ್ಲಿಷಲ್ಲಿ, ಮೊದಲ ಕೆಲವು ಕ್ಲಾಸ್ ತಪ್ಪಿದ್ರೆ ಆಮೇಲೆ ಏನ್ ಕೇಳ್ಬೇಕು ಅನ್ನೋದೂ ಗೊತ್ತಾಗಲ್ಲ, ಲಾಸ್ಟ್ ಬೆಂಚಲ್ಲಿ ಸುಮ್ನೆ ಕೂತ್ಬಿಡ್ತಾರೆ. ನಮ್ಮ ಜೊತೆ ಸೇರಿದ್ದ ಒಬ್ಬಳು ಹಾಗೇ ಕೂತು ಕೂತು ಇಂಟರ್ನಲ್ಸ್ (ಕಾಲೇಜಲ್ಲೇ ನಡೆಯೋ ಟೆಸ್ಟ್) ಹೊತ್ತಿಗೆ ಬರೋದೇ ನಿಲ್ಲಿಸಿದ್ಳು. ಪಿಯುಸಿಯಲ್ಲಿ ಡಿಸ್ಟಿಂಕ್ಷನ್ ತಗೊಂಡಿದ್ದ ಹುಡುಗಿ, ಈಗ್ಲೂ ನೆನೆಸ್ಕೊಂಡ್ರೆ ಹೊಟ್ಟೆ ಉರಿಯುತ್ತೆ. ಯಾಕೆ ಬರ್ತಿಲ್ಲ ಅಂತ ಕಾಲೇಜಿಂದ ಒಬ್ರೂ ಫೋನ್ ಮಾಡಲಿಲ್ಲ.

ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2009ರ ರ‍್ಯಾಗಿಂಗ್ ತಡೆ ನಿಯಮದಲ್ಲಿ, ಹೊಸಬರನ್ನ ಸಣ್ಣ ಸಣ್ಣ ಗುಂಪು ಮಾಡಿ ಒಂದೊಂದಕ್ಕೆ ಒಬ್ಬ ಅಧ್ಯಾಪಕರನ್ನ ನೇಮಿಸ್ಬೇಕು, ಅವರು ಮಕ್ಕಳ ಜೊತೆ ಮಾತಾಡಿ ಕಷ್ಟ ಕೇಳ್ಬೇಕು ಅಂತಿದೆ. ನಮ್ಮ ಕಡೆ ರ‍್ಯಾಗಿಂಗ್ ಮಾಡಲ್ಲ ಅನ್ನೋ ಮುಚ್ಚಳಿಕೆಗೆ ಸೈನ್ ಹಾಕಿಸ್ಕೊಳ್ಳೋದು ಮಾತ್ರ ತಪ್ಪಲ್ಲ, ಈ ಭಾಗ ಯಾರೂ ಓದಿದ ಹಾಗೇ ಕಾಣಲ್ಲ. ಇದಕ್ಕೆ ದುಡ್ಡೂ ಬೇಕಾಗಿಲ್ಲ.

ಹಿಂದುಳಿದ ವರ್ಗಗಳ ಇಲಾಖೆ, ಸಮಾಜ ಕಲ್ಯಾಣ ಇಲಾಖೆಯವರಲ್ಲಿ ಕೇಳ್ಕೊಳ್ಳೋದು ಇಷ್ಟೇ, ಪಿಯುಸಿ ರಿಸಲ್ಟ್ ಬಂದ ಕೂಡ್ಲೇ ಹಾಸ್ಟೆಲ್ ಅರ್ಜಿ ತಗೊಳ್ಳಿ, ಅಡ್ಮಿಷನ್ ರಸೀದಿ ಮಕ್ಕಳು ಆಮೇಲೆ ಕೊಡ್ತಾರೆ. ಅದು ಈ ವರ್ಷ ಆಗಲ್ಲ ಅಂದ್ರೆ, ಲಿಸ್ಟ್ ಬರೋವರೆಗೂ ಅರ್ಜಿ ಹಾಕಿದವರು ಸೀನಿಯರ್ಸ್ ರೂಮಲ್ಲಿ ಉಳ್ಕೊಳ್ಳೋಕೆ ವಾರ್ಡನ್‌ಗಳಿಗೆ ಲಿಖಿತ ಆದೇಶ ಕೊಡಿ. ಒಂದು ಚಾಪೆ ಜಾಸ್ತಿ ಹಾಸ್ಕೊಳ್ಳೋಕೆ ನಾವು ರೆಡಿ ಇದೀವಿ.

– ಬಿ.ಕಾಂ ವಿದ್ಯಾರ್ಥಿನಿ, ಮೈಸೂರು