ಕಪ್ ಬೇಡ, ಸೀಸನ್ ಕೊಡೋಣ

ಸದಸ್ಯರೆಲ್ಲರಿಗೂ ನಮಸ್ಕಾರ.

ಯುಗಾದಿ ಕಾರ್ಯಕ್ರಮದ ವರದಿ, ಮಕ್ಕಳ ಕನ್ನಡ ತರಗತಿಯ ಸುದ್ದಿ ಒಳಪುಟಗಳಲ್ಲಿವೆ. ಸಂಪಾದಕೀಯದ ಜಾಗವನ್ನು ಈ ಸಲ ಫುಟ್‌ಬಾಲ್‌ಗೆ ಕೊಡುತ್ತಿದ್ದೇನೆ. ಊರಿಗೆ ಕಳಿಸುವ ಹಣದ ಬಗ್ಗೆ ನಮ್ಮ ಕಾರ್ಯಕಾರಿ ಸಮಿತಿ ಸದ್ಯದಲ್ಲೇ ಕೂತು ಮಾತಾಡಲಿದೆ. ಕೆಜಿಎಫ್‌ನ ಹುಡುಗರು ನಡೆಸುವ ಎರಡು ದಿನದ ಟೂರ್ನಮೆಂಟ್‌ಗೆ ಕಪ್ ಮತ್ತು ಬಹುಮಾನದ ಹಣ ಕೊಡುವುದು ನಮ್ಮ ಸಂಘದ ಹಳೆಯ ಪದ್ಧತಿ. ಆ ಹಣ ಇನ್ನು ಮುಂದೆ ಬೇರೆ ಥರ ಖರ್ಚಾಗಲಿ ಎಂಬುದು ನನ್ನ ಬೇಡಿಕೆ. ಯಾಕೆ ಅಂತ ಹೇಳುವ ಮೊದಲು ಒಂದು ಸೀಸನ್ನಿನ ವಿಷಯ ಹೇಳುತ್ತೇನೆ.

ದೇಶದ ದೊಡ್ಡ ಫುಟ್‌ಬಾಲ್ ಲೀಗ್ ಆದ ಇಂಡಿಯನ್ ಸೂಪರ್ ಲೀಗ್‌ನ 2024-25ರ ಸೀಸನ್ ನೆನಪಿದೆ ಅಲ್ವಾ? ನಮ್ಮಲ್ಲಿ ಎಷ್ಟೋ ಜನ ಅದನ್ನು ಫೋನಿನಲ್ಲೇ ನೋಡಿದೆವು. ಭಾರತದಲ್ಲಿ ರಾತ್ರಿ ಏಳೂವರೆಗೆ ಪಂದ್ಯ ಅಂದರೆ ಇಲ್ಲಿ ಗಲ್ಫ್‌ನಲ್ಲಿ ನಮಗೆ ಸಂಜೆ ಐದು. ಒಟ್ಟು 13 ತಂಡ, ಪ್ರತಿ ತಂಡಕ್ಕೂ 24 ಲೀಗ್ ಪಂದ್ಯ. ಸೆಪ್ಟೆಂಬರ್‌ನಲ್ಲಿ ಶುರುವಾದದ್ದು ಏಪ್ರಿಲ್‌ವರೆಗೆ ನಡೆಯಿತು. ಬೆಂಗಳೂರು ಎಫ್‌ಸಿ ಮೊದಲ ಪಂದ್ಯದಲ್ಲೇ ಕಂಠೀರವದಲ್ಲಿ ಈಸ್ಟ್ ಬೆಂಗಾಲ್ ತಂಡವನ್ನು 1-0ಯಿಂದ ಸೋಲಿಸಿತು. ಗೋಲು ಹೊಡೆದವನು 19 ವರ್ಷದ ವಿನಿತ್ ವೆಂಕಟೇಶ್, ಕ್ಲಬ್ಬಿನ ಕಿರಿಯರ ತಂಡದಿಂದ ಮೇಲೆ ಬಂದ ಹುಡುಗ. ಅದೇ ತಿಂಗಳ ಕೊನೆಗೆ ಮೋಹನ್ ಬಾಗಾನ್ ವಿರುದ್ಧ 3-0 ಗೆಲುವು. ಡಿಸೆಂಬರ್‌ನಲ್ಲಿ ಕೇರಳ ಬ್ಲಾಸ್ಟರ್ಸ್ ವಿರುದ್ಧ 4-2. ಆ ನಾಲ್ಕರಲ್ಲಿ ಮೂರು ಗೋಲು 40 ವರ್ಷದ ಸುನಿಲ್ ಚೆಟ್ರಿಯವರದು.

ಆಮೇಲೆ ಜನವರಿ ಬಂತು. ತಂಡಕ್ಕೆ ಏನಾಯಿತೋ, ಆಟ ಕೈಕೊಟ್ಟಿತು. ಆ ವರ್ಷವೇ ಲೀಗ್‌ಗೆ ಬಡ್ತಿ ಪಡೆದು ಬಂದಿದ್ದ ಮೊಹಮ್ಮಡನ್ ಸ್ಪೋರ್ಟಿಂಗ್ ಕಂಠೀರವಕ್ಕೇ ಬಂದು 1-0ಯಿಂದ ಗೆದ್ದು ಹೋಯಿತು. ಒಡಿಶಾ ವಿರುದ್ಧ ಎರಡು ಗೋಲು ಮುಂದಿದ್ದವರು 2-3ರಿಂದ ಸೋತರು. ಇದೇ ಎರಡು ದಿನದ ಟೂರ್ನಮೆಂಟ್ ಆಗಿದ್ದರೆ ಅಲ್ಲಿಗೆ ಮುಗಿಯಿತು, ಬ್ಯಾಗು ಕಟ್ಟಿಕೊಂಡು ಮನೆಗೆ. ಲೀಗ್ ಆದ್ದರಿಂದ ಮುಂದಿನ ವಾರ ಇನ್ನೊಂದು ಪಂದ್ಯ ಇತ್ತು, ಅದರ ಮುಂದಿನ ವಾರ ಮತ್ತೊಂದು. ತಪ್ಪು ಎಲ್ಲಿ ಅಂತ ನೋಡಿಕೊಳ್ಳಲು, ಸೋತವನೇ ಮತ್ತೆ ಅದೇ ಜಾಗದಲ್ಲಿ ನಿಂತು ಆಡಲು ಸಮಯ ಸಿಕ್ಕಿತು. ಕೊನೆಗೆ ಮೂರನೇ ಸ್ಥಾನ. ನಾಕೌಟ್‌ನಲ್ಲಿ ಮುಂಬೈ ಸಿಟಿ ವಿರುದ್ಧ 5-0 ಗೆಲುವು. ಸೆಮಿಫೈನಲ್‌ನ ಎರಡನೇ ಪಂದ್ಯದಲ್ಲಿ ಗೋವಾ ತನ್ನ ನೆಲದಲ್ಲಿ ಎರಡು ಗೋಲು ಹೊಡೆದು ಎರಡೂ ಪಂದ್ಯಗಳ ಒಟ್ಟು ಲೆಕ್ಕ ಸಮ ಮಾಡಿತ್ತು. 90 ನಿಮಿಷ ದಾಟಿದ ಮೇಲೆ ಚೆಟ್ರಿ ತಲೆಯಿಂದ ಚೆಂಡನ್ನು ಬಲೆಗೆ ಹಾಕಿದರು. ಆ ಗೋಲು ನೋಡಿದವರು ಮರೆಯುವುದಿಲ್ಲ. ಏಪ್ರಿಲ್ 12ರಂದು ಕೋಲ್ಕತ್ತಾದಲ್ಲಿ ಫೈನಲ್. ಮೊದಲು ಮುಂದೆ ಬಂದದ್ದು ಬೆಂಗಳೂರು. ಹೆಚ್ಚುವರಿ ಸಮಯದಲ್ಲಿ 2-1ರಿಂದ ಗೆದ್ದದ್ದು ಮೋಹನ್ ಬಾಗಾನ್. ಬೇಜಾರಾಯಿತು, ನಿಜ. ಆದರೂ ಆ ಸೀಸನ್ ನನಗೆ ತುಂಬ ಇಷ್ಟ. ಏಳು ತಿಂಗಳು ಒಂದು ತಂಡ ಬೀಳುವುದನ್ನೂ ಏಳುವುದನ್ನೂ ನೋಡಿದೆವು.

ಅದರ ಮುಂದಿನ ವರ್ಷ ಏನಾಯಿತು ನೋಡಿ. ಫುಟ್‌ಬಾಲ್ ಫೆಡರೇಷನ್‌ಗೂ ಲೀಗ್ ನಡೆಸುತ್ತಿದ್ದ ಕಂಪನಿಗೂ 2010ರಲ್ಲಿ ಆಗಿದ್ದ 15 ವರ್ಷದ ಒಪ್ಪಂದ 2025ರ ಡಿಸೆಂಬರ್‌ಗೆ ಮುಗಿಯುವುದಿತ್ತು. ಹೊಸ ಒಪ್ಪಂದ ಕುದುರಲಿಲ್ಲ. ಜುಲೈನಲ್ಲೇ ಸೀಸನ್ ತಡೆಹಿಡಿದರು. ಆಗಸ್ಟ್‌ನಲ್ಲಿ ಬೆಂಗಳೂರು ಎಫ್‌ಸಿ ಆಟಗಾರರ ಸಂಬಳ ನಿಲ್ಲಿಸಬೇಕಾಯಿತು. ಕೊನೆಗೆ 2026ರ ಫೆಬ್ರವರಿ 14ಕ್ಕೆ ಆಟ ಶುರುವಾಯಿತು. 14 ತಂಡ, ಒಬ್ಬರ ವಿರುದ್ಧ ಒಂದೇ ಸಲ, ಒಟ್ಟು 91 ಪಂದ್ಯ. ಅಂದರೆ ಒಂದು ತಂಡಕ್ಕೆ 24 ಇದ್ದದ್ದು 13ಕ್ಕೆ ಇಳಿಯಿತು. 13 ಪಂದ್ಯದಲ್ಲಿ ಒಂದೊಂದು ಪಾಯಿಂಟ್‌ಗೂ ಒದ್ದಾಡುವ ಕೋಚ್, 19 ವರ್ಷದ ಹೊಸ ಹುಡುಗನನ್ನು ಧೈರ್ಯವಾಗಿ ಇಳಿಸುತ್ತಾರಾ? ನನಗೆ ಅನುಮಾನ. ಸೀಸನ್ ಚಿಕ್ಕದಾದರೆ ಮೊದಲ ಪೆಟ್ಟು ಬೀಳುವುದು ಎಳೆಯರಿಗೆ.

ಈಗ ನಮ್ಮ ಕೋಲಾರಕ್ಕೆ ಬರೋಣ.

ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆ, ಚಾಂಪಿಯನ್ ರೀಫ್, ಮಾರಿಕುಪ್ಪಂ ಕಡೆಯವರಿಗೆ ಫುಟ್‌ಬಾಲ್ ಬಗ್ಗೆ ಯಾರೂ ಹೇಳಿಕೊಡಬೇಕಿಲ್ಲ. ಬ್ರಿಟಿಷ್ ಕಂಪನಿ ಗಣಿ ನಡೆಸುತ್ತಿದ್ದ ಕಾಲದಲ್ಲಿ ಆ ಆಟ ಅಲ್ಲಿಗೆ ಬಂತು. ಗಣಿ ಸರ್ಕಾರದ ಕೈಗೆ ಬಂದ ಮೇಲೂ ಉಳಿಯಿತು. ಮನೆಯಲ್ಲಿ ತಮಿಳು, ಶಾಲೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು, ಮೈದಾನದಲ್ಲಿ ಮೂರೂ. ಆ ಮಕ್ಕಳು ನಮ್ಮವರು, ಇದರಲ್ಲಿ ಎರಡು ಮಾತಿಲ್ಲ. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಕೆಲಸ ಹೋಯಿತು. ದೊಡ್ಡವರು ಬೆಳಗಿನ ಜಾವದ ರೈಲು ಹಿಡಿದು ಬೆಂಗಳೂರಿಗೆ ಹೋಗಿ ರಾತ್ರಿ ವಾಪಸ್ ಬರುವ ಬದುಕು ಶುರುವಾಯಿತು. ಗಣಿಯ ತ್ಯಾಜ್ಯ ಸುರಿದ ಸೈನೈಡ್ ದಿಬ್ಬದ ದೂಳು ಗಾಳಿಗೆ ಏಳುವ ದಿನಗಳಲ್ಲೂ ಹುಡುಗರು ಆಡುವುದನ್ನು ಬಿಟ್ಟಿಲ್ಲ. ಆದರೆ ಆಡುವುದು ಏನು? ಇಲ್ಲೊಂದು ಟೂರ್ನಮೆಂಟ್, ಅಲ್ಲೊಂದು ಟೂರ್ನಮೆಂಟ್. ಮೊದಲ ಪಂದ್ಯ ಸೋತ ತಂಡ ಊಟದ ಹೊತ್ತಿಗೆ ಮನೆಗೆ. ವರ್ಷಕ್ಕೆ ನಾಲ್ಕು ಪಂದ್ಯ ಆಡಿದ ಹುಡುಗ ಎಷ್ಟು ಚುರುಕಾಗಿದ್ದರೂ ಬೆಳೆಯುವುದು ಹೇಗೆ?

ಬೆಂಗಳೂರಿನ ಸ್ಥಳೀಯ ಲೀಗ್‌ನಲ್ಲಿ ಎಲ್ಲಕ್ಕಿಂತ ಮೇಲಿನ ಹಂತವಾಗಿ ಸೂಪರ್ ಡಿವಿಷನ್ ಇದೆ, ಅದರ ಕೆಳಗೆ ಎ, ಬಿ, ಸಿ ಡಿವಿಷನ್‌ಗಳಿವೆ. ಬೆಂಗಳೂರು ಎಫ್‌ಸಿ ಕೂಡ ತನ್ನ ಕಿರಿಯರನ್ನು ಸೂಪರ್ ಡಿವಿಷನ್‌ನಲ್ಲಿ ಆಡಿಸಿ ಹದ ಮಾಡುತ್ತದೆ. 2023ರ ಮಾರ್ಚ್ 4ರಂದು ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ, 54 ವರ್ಷದ ಮೇಲೆ ರಾಜ್ಯ ತಂಡಗಳ ಸಂತೋಷ್ ಟ್ರೋಫಿ ಗೆದ್ದ ಕರ್ನಾಟಕ ತಂಡ ನೆನಪಿದೆಯಲ್ಲ? ಆ ತಂಡದ ಹೆಚ್ಚಿನ ಹುಡುಗರು ಇದೇ ಬೆಂಗಳೂರು ಲೀಗ್‌ನಲ್ಲಿ ವಾರವಾರ ಆಡಿ ಬಂದವರು. ಆವತ್ತು ಇಲ್ಲಿನ ನಾವೆಲ್ಲ ಕುಣಿದಾಡಿದ್ದೆವು. ಆ ಗೆಲುವಿನ ಹಿಂದೆ ಇದ್ದದ್ದು ಸುಮ್ನೆ ಸಿಕ್ಕಿದ ಪ್ರತಿಭೆ ಅಲ್ಲ, ತಪ್ಪದೆ ನಡೆಯುವ ಒಂದು ಸೀಸನ್. ಬೆಂಗಳೂರಿನಿಂದ 100 ಕಿಲೋಮೀಟರ್ ದೂರದ ಹುಡುಗನಿಗೆ ಅದು ಸಿಗಬೇಕಾದರೆ ಓದು ಬಿಟ್ಟು ರೈಲು ಹತ್ತಬೇಕು. ಹತ್ತುವವರು ಕೆಲವರೇ.

ಹಾಗಾಗಿ ಸಮಿತಿಯ ಮುಂದೆ ನನ್ನ ಮಾತು ಇದು. ಕೋಲಾರ ಜಿಲ್ಲೆಯ ಆರು ತಾಲ್ಲೂಕಿನ 16 ವರ್ಷದೊಳಗಿನವರಿಗೆ ಒಂದು ಚಿಕ್ಕ ಲೀಗ್ ನಡೆಸಲು ನೆರವಾಗೋಣ. ಕೋಲಾರ, ಮಾಲೂರು, ಬಂಗಾರಪೇಟೆ, ಮುಳಬಾಗಿಲು, ಶ್ರೀನಿವಾಸಪುರಕ್ಕೆ ಒಂದೊಂದು ತಂಡ. ಆಡುವವರು ಜಾಸ್ತಿ ಇರುವ ಕೆಜಿಎಫ್‌ಗೆ ಮೂರು. ಎಂಟು ತಂಡ, ಒಬ್ಬರ ವಿರುದ್ಧ ಎರಡು ಸಲ ಆಡಿದರೆ ಪ್ರತಿ ತಂಡಕ್ಕೆ 14 ಪಂದ್ಯ, ಒಟ್ಟು 56. ವಾರಕ್ಕೆ ನಾಲ್ಕು ಪಂದ್ಯದಂತೆ 14 ವಾರ. ಜುಲೈ ಮೊದಲ ಭಾನುವಾರ ಶುರು ಮಾಡಿದರೆ ದಸರಾ ರಜೆಯ ಹೊತ್ತಿಗೆ ಮುಗಿಯುತ್ತದೆ. ಗೆದ್ದವರಿಗೆ ಬಹುಮಾನದ ಹಣ ಬೇಡ. ನಮ್ಮ ಹಣ ರೆಫ್ರಿಗಳ ಫೀಸಿಗೆ, ಚೆಂಡಿಗೆ, ಗೆರೆ ಹಾಕುವ ಸುಣ್ಣಕ್ಕೆ, ಪ್ರಥಮ ಚಿಕಿತ್ಸೆಗೆ ಹೋಗಲಿ. ಎಲ್ಲಕ್ಕಿಂತ ಜಾಸ್ತಿ ಬಸ್ ಚಾರ್ಜಿಗೆ ಹೋಗಲಿ. ಶ್ರೀನಿವಾಸಪುರದ ಹುಡುಗ ಕೆಜಿಎಫ್‌ಗೆ ಬಂದು ಆಡಿ ಕತ್ತಲಾಗುವ ಮೊದಲು ಮನೆ ಸೇರಬೇಕು. ಅದಾಗದಿದ್ದರೆ ಮೂರನೇ ವಾರಕ್ಕೆ ಆ ತಂಡ ಬರುವುದಿಲ್ಲ.

ಕಪ್ ಕೊಡುವುದರಲ್ಲಿ ಒಂದು ಸಂತೋಷ ಇದೆ, ಒಪ್ಪುತ್ತೇನೆ. ಬ್ಯಾನರ್ ಮೇಲೆ ಸಂಘದ ಹೆಸರು, ಹಿರಿಯರ ಕೈಯಿಂದ ಬಹುಮಾನ, ಫೋಟೋ. ಊರಿನ ಜನ ಸೇರುವ ಆ ಎರಡು ದಿನದ ಸಂಭ್ರಮ ಕೆಜಿಎಫ್‌ನಿಂದ ತಪ್ಪಿಹೋಗುವುದು ನನಗೂ ಇಷ್ಟವಿಲ್ಲ. ಅಲ್ಲಿನ ಅಂಗಡಿಯವರು, ಹಳೆಯ ಆಟಗಾರರು ಅದನ್ನು ನಡೆಸಿಕೊಂಡು ಹೋಗಬಲ್ಲರು. ವಾರವಾರದ ಖರ್ಚು ಹೊರುವವರು ಮಾತ್ರ ಅಲ್ಲಿ ಸಿಗುವುದಿಲ್ಲ. ಅದನ್ನು ನಾವು ಹೊರಬಹುದು. ಚಿಕ್ಕಬಳ್ಳಾಪುರ, ತುಮಕೂರಿನ ಸದಸ್ಯರು ನಮ್ಮ ಜಿಲ್ಲೆ ಯಾಕೆ ಇಲ್ಲ ಅಂತ ಕೇಳಿಯೇ ಕೇಳುತ್ತೀರಿ, ಕೇಳಬೇಕು ಕೂಡ. ಮೊದಲ ವರ್ಷ ಕೋಲಾರದಲ್ಲಿ ನೆಟ್ಟಗೆ ನಡೆದರೆ ಮುಂದಿನದು ನಿಮ್ಮಲ್ಲಿ. ಹೆಣ್ಣುಮಕ್ಕಳ ತಂಡಗಳನ್ನು ಮಾತ್ರ ಎರಡನೇ ವರ್ಷಕ್ಕೆ ತಳ್ಳುವುದು ಬೇಡ. ನಾಲ್ಕೇ ತಂಡ ಸಿಕ್ಕರೂ ಮೊದಲ ವರ್ಷವೇ ಶುರುವಾಗಲಿ.

ಇನ್ನು ಕೆಲಸದ ಮಾತು. ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಶಾಲೆಗಳಲ್ಲಿ ಆಸಕ್ತಿ ಇರುವ ಪಿ.ಟಿ. ಮೇಷ್ಟ್ರು ನಿಮಗೆ ಗೊತ್ತಿದ್ದರೆ ಸಮಿತಿ ಸಭೆಗೆ ಮೊದಲು ಕಾರ್ಯದರ್ಶಿಯವರಿಗೆ ತಿಳಿಸಿ. ರಜೆಗೆ ಊರಿಗೆ ಹೋಗುವವರು ತಾಲ್ಲೂಕಿನ ಮೈದಾನ ಒಮ್ಮೆ ನೋಡಿ ಬನ್ನಿ. ಗೋಲ್‌ಪೋಸ್ಟ್ ಇದೆಯಾ, ಕುಡಿಯುವ ನೀರು ಇದೆಯಾ, ಹೆಣ್ಣುಮಕ್ಕಳಿಗೆ ಬಟ್ಟೆ ಬದಲಿಸಲು ಕೋಣೆ ಇದೆಯಾ, ಇಷ್ಟು ಗೊತ್ತಾದರೆ ಸಾಕು. ಜೂನ್‌ನಲ್ಲಿ ಶಾಲೆ ತೆರೆಯುವಷ್ಟರಲ್ಲಿ ಪಟ್ಟಿ ಕೈಯಲ್ಲಿದ್ದರೆ ಜುಲೈಗೆ ಆಟ ಶುರು ಮಾಡಬಹುದು.